ಕಾರಿನೊಳಗಿನ ಬೇಡದ ಬಣ್ಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಇತ್ತೀಚೆಗೆ ಸೆಕೆಂಡ್ ಹ್ಯಾಂಡ್ ಕಾರು ಕೊಂಡೆವು. ಗೇರ್ ಸುತ್ತಲಿನ ಕಪ್ಪು ಪ್ಲಾಸ್ಟಿಕ್‌ಗೆ, ಬಾಗಿಲ ಹಿಡಿಗಳಿಗೆ ಹಿಂದಿನವರು ಬೆಳ್ಳಿ ಬಣ್ಣದ ಸ್ಪ್ರೇ ಹೊಡೆಸಿದ್ದಾರೆ. ಈಗ ಅದು ಪದರು ಪದರಾಗಿ ಏಳುತ್ತಿದೆ, ಬೆವರಿದ ಕೈಗೆ ಅಂಟುತ್ತದೆ. ಇಲ್ಲಿನ ಗ್ಯಾರೇಜಿನವರೊಬ್ಬರು ‘ಥಿನ್ನರ್ ಹಾಕಿ ಒರೆಸಿದರೆ ಆಯ್ತು’ ಅಂದರು. ಪ್ಲಾಸ್ಟಿಕ್ಕೇ ಹಾಳಾದೀತೆಂಬ ಹೆದರಿಕೆ.
– ಓದುಗರೊಬ್ಬರು, ಗೋಕುಲ ರಸ್ತೆ, ಹುಬ್ಬಳ್ಳಿ

ಉತ್ತರ: ಬಣ್ಣ ಹೋಗಬೇಕು, ಕೆಳಗಿನ ಪ್ಲಾಸ್ಟಿಕ್ ಉಳಿಯಬೇಕು. ನಿಮ್ಮ ಚಿಂತೆ ಇಷ್ಟೇ, ಅದು ಸರಿಯಾದ ಚಿಂತೆಯೇ. ಗಾಬರಿಯಾಗಬೇಡಿ. ತಾನಾಗಿ ಏಳುತ್ತಿರುವ ಬಣ್ಣವನ್ನು ತೆಗೆಯುವುದು ಗಟ್ಟಿಯಾಗಿ ಕೂತ ಬಣ್ಣ ತೆಗೆಯುವುದಕ್ಕಿಂತ ಸುಲಭ.

ಗ್ಯಾರೇಜಿನವರ ಮಾತು ತಗಡಿನ ಮಟ್ಟಿಗೆ ನಿಜ. ಬಾನೆಟ್ಟಿನ ಮೇಲೆ ಥಿನ್ನರ್ ಬಣ್ಣವನ್ನಷ್ಟೇ ಕರಗಿಸುತ್ತದೆ, ತಗಡಿಗೆ ಏನೂ ಆಗದು. ಒಳಗಿನ ಪ್ಲಾಸ್ಟಿಕ್ಕಿನ ಕಥೆ ಬೇರೆ. ಆ ಭಾಗವನ್ನು ಕಳಚಿ ಹಿಂಬದಿ ನೋಡಿ, ಸಾಮಾನ್ಯವಾಗಿ ಅಚ್ಚಿನಲ್ಲೇ ಮೂಡಿದ ಸಣ್ಣ ಇಂಗ್ಲಿಷ್ ಅಕ್ಷರಗಳಿರುತ್ತವೆ. ಪಿಪಿ ಎಂದಿದ್ದರೆ ಅದು ಪಾಲಿಪ್ರೊಪಿಲೀನ್ (ಬಕೆಟ್, ಡಬ್ಬಿಗಳಿಗೂ ಬಳಸುವ, ಸ್ವಲ್ಪ ಮೇಣದಂತೆ ಜಾರುವ ಪ್ಲಾಸ್ಟಿಕ್). ಇದಕ್ಕೆ ಬಣ್ಣ ಸುಲಭವಾಗಿ ಹಿಡಿಯುವುದೇ ಇಲ್ಲ. ತಕ್ಕ ಪ್ರೈಮರ್ (ಬಣ್ಣ ಹಿಡಿಯಲೆಂದು ಮೊದಲು ಹೊಡೆಯುವ ಅಸ್ತರಿ) ಇಲ್ಲದೆ ಹೊಡೆದ ಸ್ಪ್ರೇ ಅಗಲ ಟೇಪು ಅಂಟಿಸಿ ಎಳೆದರೂ ಬರಬಹುದು. ಎಬಿಎಸ್ (ಸ್ವಿಚ್ ಪ್ಯಾನೆಲ್‌ನಂಥ ಭಾಗಗಳ ಗಟ್ಟಿ ಪ್ಲಾಸ್ಟಿಕ್) ಎಂದಿದ್ದರೆ ಮಾತ್ರ ಥಿನ್ನರ್ ಹತ್ತಿರವೂ ತರಬೇಡಿ. ಥಿನ್ನರ್‌ನಲ್ಲಿರುವ ಟಾಲೀನ್, ಅಸಿಟೋನ್‌ನಂಥ ದ್ರಾವಕಗಳು (ಬೇರೆ ವಸ್ತುವನ್ನು ಕರಗಿಸುವ ದ್ರವಗಳು) ಬಣ್ಣದ ಜೊತೆಗೆ ಪ್ಲಾಸ್ಟಿಕ್ಕನ್ನೂ ಕರಗಿಸುತ್ತವೆ. ಒಮ್ಮೆ ಕರಗಿದ ಮೇಲ್ಮೈ ಮತ್ತೆ ಮೊದಲಿನಂತಾಗದು.

ನಿಮಗೆ ಬೇಕಾದದ್ದು ಐಸೊಪ್ರೊಪೈಲ್ ಆಲ್ಕೊಹಾಲ್ (ಇಂಜೆಕ್ಷನ್ ಕೊಡುವ ಮುನ್ನ ಚರ್ಮ ಒರೆಸುವ ಸ್ಪಿರಿಟ್‌ನ ಜಾತಿಯದು). ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಹತ್ತಿಯಿಂದ ಎರಡು ಹನಿ ಹಚ್ಚಿ, ಹತ್ತು ನಿಮಿಷ ಕಾದು ಬೆರಳಾಡಿಸಿ. ಪ್ಲಾಸ್ಟಿಕ್ ಜಿಗುಟಾಗದೆ, ಮಂಕಾಗದೆ ಇದ್ದರೆ ಮುಂದುವರಿಯಿರಿ. ಇನ್ನೊಂದು ಮಾತು: ಕೆಲವು ಕಾರುಗಳಲ್ಲಿ ಬೆಳ್ಳಿ ಪಟ್ಟಿಗಳನ್ನು ಕಂಪನಿಯೇ ಬಣ್ಣ ಹೊಡೆದು ಕೊಟ್ಟಿರುತ್ತದೆ. ಕೆಳಗೆ ಅಂಥ ಬಣ್ಣವಿದ್ದರೆ ಅದೂ ಎದ್ದು ಬಂದೀತು. ಮೂಲೆಯ ಪರೀಕ್ಷೆ ಇದನ್ನೂ ತೋರಿಸಿಕೊಡುತ್ತದೆ.

ಬೇಸಿಗೆಯ ಮಧ್ಯಾಹ್ನ ಈ ಕೆಲಸಕ್ಕೆ ಕೂರಬೇಡಿ. ಕಾದ ಪ್ಲಾಸ್ಟಿಕ್ ಮೇಲೆ ಸ್ಪಿರಿಟ್ ಕೆಲಸ ಶುರು ಮಾಡುವ ಮೊದಲೇ ಆರಿಹೋಗುತ್ತದೆ. ಬೆಳಿಗ್ಗೆ ನೆರಳಲ್ಲಿ, ನಾಲ್ಕೂ ಬಾಗಿಲು ತೆರೆದು, ಕೈಗವಸು ಹಾಕಿಕೊಂಡು ಮಾಡಿ. ಹತ್ತಿರ ಬೀಡಿ, ಬೆಂಕಿ ಬೇಡ. ಟಿಶ್ಯೂ ಕಾಗದವನ್ನು ಸ್ಪಿರಿಟ್‌ನಲ್ಲಿ ನೆನೆಸಿ ಬಣ್ಣದ ಮೇಲೆ ಹರಡಿ, ಆರದಂತೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಹತ್ತು ನಿಮಿಷ ಬಿಡಿ. ತೆಗೆದಾಗ ಬಣ್ಣ ಸುಕ್ಕುಗಟ್ಟಿ ಕೆನೆಯಂತೆ ಮೇಲೆದ್ದಿರುತ್ತದೆ. ಅದನ್ನು ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ದೂಡಿ. ಬ್ಲೇಡು, ಸ್ಕ್ರೂಡ್ರೈವರ್ ಬೇಡ. ಗೀರುಗಳ ಸಂದಿಗೆ ಮೆತ್ತನೆಯ ಟೂತ್‌ಬ್ರಷ್, ಕೊನೆಗೆ ಸೋಪಿನ ನೀರಲ್ಲಿ ಹಿಂಡಿದ ಬನಿಯನ್ ಬಟ್ಟೆ ಸಾಕು. ಮೀಟರಿನ ಪಾರದರ್ಶಕ ಮುಚ್ಚಳಕ್ಕೆ ಮಾತ್ರ ಸ್ಪಿರಿಟ್ ತಾಗಿಸಬೇಡಿ, ಅದರಲ್ಲಿ ಕೂದಲೆಳೆಯಂಥ ಬಿರುಕು ಬರಬಹುದು.

ಎರಡು ಮೂರು ಸಲ ಹೀಗೆ ಮಾಡಿದರೂ ಬಣ್ಣ ಕದಲದಿದ್ದರೆ ಅದು ಹಾರ್ಡನರ್ (ಬಣ್ಣವನ್ನು ಗಟ್ಟಿಗೊಳಿಸುವ ದ್ರವ) ಬೆರೆಸಿ ಹೊಡೆದದ್ದಿರಬಹುದು. ಆಗಲೂ ಥಿನ್ನರ್‌ಗೆ ಕೈ ಹಾಕಬೇಡಿ. ಹಗುರವಾಗಿ ಉಜ್ಜಿಸಿ ಅದರ ಮೇಲೆಯೇ ಕಪ್ಪು ಬಣ್ಣ ಹೊಡೆಸುವುದು ವಾಸಿ. ಬ್ರೇಕ್ ಆಯಿಲ್ ಹಚ್ಚಿ ಎಂದೂ ಕೆಲವರು ಹೇಳುತ್ತಾರೆ. ಅದು ಬಣ್ಣ ಬಿಡಿಸುತ್ತದೆ ನಿಜ, ಆದರೆ ಕೈಚರ್ಮಕ್ಕೆ ಒಳ್ಳೆಯದಲ್ಲ, ಹೊರಮೈಗೆ ಚೆಲ್ಲಿದರೆ ಅಲ್ಲಿನ ಬಣ್ಣವೂ ಹೋಗುತ್ತದೆ.

ಪ್ರಶ್ನೆ: ಬಾಗಿಲಿನ ಗ್ಲಾಸ್ ಸ್ವಿಚ್ ಪಟ್ಟಿಗೆ ಬಿದ್ದಿದ್ದ ಪೇಂಟ್ ತೆಗೆಯಲು ನೇಲ್ ಪಾಲಿಶ್ ರಿಮೂವರ್ ಹಚ್ಚಿಬಿಟ್ಟೆ. ಆ ಜಾಗ ಬೆಳ್ಳಗೆ ಮಂಕಾಗಿ ಅಂಟಂಟಾಗಿದೆ. ಎಡಗಡೆ ಡ್ಯಾಶ್‌ಬೋರ್ಡ್ ಮೇಲೂ ಪೇಂಟ್ ಹನಿಗಳಿವೆ. ಮನೆಯವರಿಗೆ ಹೇಳಲೂ ಅಳುಕು.
– ಓದುಗರೊಬ್ಬರು, ಧಾರವಾಡ

ಉತ್ತರ: ಹೇಳಿಬಿಡಿ, ಅಳುಕುವಂಥ ತಪ್ಪೇನಲ್ಲ. ರಿಮೂವರ್‌ಗಳಲ್ಲಿ ಹೆಚ್ಚಾಗಿ ಇರುವುದು ಅದೇ ಅಸಿಟೋನ್. ಅಂಟಾಗಿರುವಾಗ ಒರೆಸಿದರೆ ಗಾಯ ದೊಡ್ಡದಾಗುತ್ತದೆ. ಒಂದೆರಡು ದಿನ ಮುಟ್ಟದೆ ಒಣಗಲು ಬಿಡಿ. ಆಮೇಲೆ 400, 800 ನಂಬರಿನ ಪಾಲಿಶ್ ಪೇಪರಿನಿಂದ ಸಮ ಮಾಡಿಸಿ, ಪ್ಲಾಸ್ಟಿಕ್ ಪ್ರೈಮರ್ ಮೇಲೆ ಬಣ್ಣ ಹೊಡೆಸಬಹುದು. ಮೂಲದ ಚರ್ಮದಂಥ ಗೀರು ಮಾತ್ರ ಮರಳದು. ಅದೇ ಬೇಕೆಂದರೆ ಆ ಪಟ್ಟಿಯನ್ನಷ್ಟೇ ಬದಲಿಸಿ.

ಎಡಗಡೆ ಡ್ಯಾಶ್‌ಬೋರ್ಡಿನ ವಿಷಯದಲ್ಲಿ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಅಲ್ಲಿ ಏರ್‌ಬ್ಯಾಗ್ (ಡಿಕ್ಕಿಯಾದಾಗ ಕ್ಷಣದಲ್ಲಿ ಉಬ್ಬುವ ಗಾಳಿಚೀಲ) ಗುರುತಿದ್ದರೆ ಆ ಮುಚ್ಚಳ ಬೇಕಾದ ಗೆರೆಯಲ್ಲೇ ಹರಿಯುವಂತೆ ಮಾಡಿದ್ದು. ಅದನ್ನು ಉಜ್ಜುವುದು, ಬಿಸಿ ಮಾಡುವುದು, ಮೇಲೆ ಬಣ್ಣ ಬಳಿಯುವುದು ಯಾವುದೂ ಬೇಡ. ಗೋಡೆಗೆ ಬಳಿಯುವ ಎಮಲ್ಶನ್ (ನೀರಲ್ಲಿ ಕಲಸುವ ಬಣ್ಣ) ಆಗಿದ್ದರೆ ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಟ್ಟು ನೆನೆಸಿ, ಉಗುರಿಂದ ಎಬ್ಬಿಸಿ. ಬರದಿದ್ದರೆ ಕಂಪನಿಯ ಸರ್ವಿಸ್ ಸೆಂಟರಿಗೇ ಒಯ್ಯಿರಿ.

ಪ್ರಶ್ನೆ: ರಂಗಪಂಚಮಿ ಆಡಿ ಮಕ್ಕಳು ಹಾಗೇ ಕಾರು ಹತ್ತಿದರು. ಬಾಗಿಲಿನ ತಿಳಿ ಬಣ್ಣದ ಪ್ಲಾಸ್ಟಿಕ್ ತುಂಬಾ ಗುಲಾಬಿ ಕಲೆ. ಹೋಗುತ್ತದೆಯೇ?
– ಓದುಗರೊಬ್ಬರು, ಹಳೇ ಹುಬ್ಬಳ್ಳಿ

ಉತ್ತರ: ಬಹುಪಾಲು ಹೋಗುತ್ತದೆ. ನೀರು ತಾಗಿಸುವ ಮೊದಲು ಪುಡಿಯನ್ನು ಒಣ ಬ್ರಷ್ಷಿನಿಂದ ಝಾಡಿಸಿ. ಒದ್ದೆಯಾದರೆ ಬಣ್ಣ ಕರಗಿ ಗೀರಿನೊಳಗೆ ಇಳಿಯುತ್ತದೆ. ಬಳಿಕ ಸೋಪಿನ ನೀರು, ಕೊನೆಗೆ ಮೇಲೆ ಹೇಳಿದಂತೆ ಮೂಲೆಯಲ್ಲಿ ಪರೀಕ್ಷಿಸಿ ಸ್ಪಿರಿಟ್. ಪ್ರತಿ ಸಲವೂ ಬಟ್ಟೆಯ ಹೊಸ ಮಗ್ಗುಲಿಂದ ಒರೆಸಿ. ತೆಳು ಛಾಯೆ ಉಳಿದರೆ ಹಟ ಹಿಡಿದು ಉಜ್ಜಬೇಡಿ. ಮುಂದಿನ ವರ್ಷ ಆಟಕ್ಕೆ ಹೊರಡುವ ಮುನ್ನವೇ ಸೀಟಿಗೂ ಬಾಗಿಲಿಗೂ ಹಳೆಯ ಚಾದರ ಹೊದಿಸಿಡಿ.