ಬೆರಳಿನ ನರ ಬೆಳೆಯುತ್ತೆ, ಬೆನ್ನುಹುರಿ ಯಾಕೆ ಬೆಳೆಯಲ್ಲ?

ಮಾರನಹಳ್ಳಿ ಸೇರಿದಂತೆ ಸಕಲೇಶಪುರ–ಆಲೂರು ಕಡೆಯ ಕಾಫಿ ತೋಟಗಳಲ್ಲಿ ಫೆಬ್ರವರಿ–ಮಾರ್ಚ್ ಅಂದ್ರೆ ಕಾಳುಮೆಣಸಿನ ಕುಯ್ಲು. ಸಿಲ್ವರ್ ಮರಕ್ಕೆ ಹಬ್ಬಿದ ಬಳ್ಳಿಗೆ ಏಣಿ ಹಾಕಿ ಎತ್ತರಕ್ಕೆ ಹತ್ತಬೇಕು. ಕತ್ತಿ ತಾಗಿ ಬೆರಳಿನ ನರ ಕಟ್ ಆದ್ರೆ, ಡಾಕ್ಟರ್ ಜೋಡಿಸಿ ಹೊಲಿದ ಮೇಲೆ ಅದು ದಿನಕ್ಕೆ ಸುಮಾರು 1 ಮಿ.ಮೀ. ಲೆಕ್ಕದಲ್ಲಿ ಮತ್ತೆ ಬೆಳೆಯಬಹುದು. ಆದರೆ ಏಣಿ ಜಾರಿ ಬಿದ್ದು ಬೆನ್ನುಹುರಿಯೊಳಗಿನ ನರತಂತು ತುಂಡಾದ್ರೆ ಅದು ಹೀಗೆ ಬೆಳೆದು ಕೂಡಿಕೊಳ್ಳಲ್ಲ. ಇದಕ್ಕೆ ಒಂದು ಮುಖ್ಯ ಕಾರಣ ಮಯಲಿನ್‌ನಲ್ಲಿರುವ ಪ್ರೋಟೀನ್‌ಗಳು.

ಮೊದಲು ಇನ್ಸುಲೇಶನ್

ನ್ಯೂರಾನ್‌ನ ಉದ್ದನೆಯ ತಂತು ಆಕ್ಸಾನ್. ಅದರ ಸುತ್ತ ಪದರ ಪದರವಾಗಿ ಸುತ್ತಿದ ಕೊಬ್ಬಿನ ಹೊದಿಕೆಯೇ ಮಯಲಿನ್. ಹೊದಿಕೆ ಇಲ್ಲದ ತಂತುವಿನಲ್ಲಿ ಸಿಗ್ನಲ್ ಸೆಕೆಂಡಿಗೆ 1–2 ಮೀಟರ್ ಹೋದರೆ, ದಪ್ಪ ಹೊದಿಕೆ ಇದ್ದಲ್ಲಿ 100 ಮೀಟರ್‌ವರೆಗೂ ಓಡುತ್ತೆ. ಮಿದುಳು, ಬೆನ್ನುಹುರಿಗಳಲ್ಲಿ ಪದರಗಳನ್ನು ಬಿಗಿಯಾಗಿ ಅಂಟಿಸೋದು ಎಂಬಿಪಿ ಮತ್ತು ಪಿಎಲ್‌ಪಿ ಅನ್ನೋ ಪ್ರೋಟೀನ್‌ಗಳು. ಎಂಬಿಪಿ ಇಲ್ಲದೆ ಹುಟ್ಟಿದ ಇಲಿಗಳು ನಡುಗುತ್ತವೆ. ನಮ್ಮಲ್ಲಿ ಈ ಸುತ್ತುವ ಕೆಲಸ ಹುಟ್ಟುವ ಮೊದಲೇ ಶುರುವಾಗಿ, ಯೋಚನೆ–ತೀರ್ಮಾನಕ್ಕೆ ಸಂಬಂಧಪಟ್ಟ ಮಿದುಳಿನ ಮುಂಭಾಗದಲ್ಲಿ ಇಪ್ಪತ್ತು ದಾಟಿದ ಮೇಲೂ ನಡೆಯುತ್ತೆ. ಅಂದ್ರೆ ನಮ್ಮ ವೈರಿಂಗ್ ಇನ್ನೂ ಮುಗಿದಿಲ್ಲ!

ಆಮೇಲೆ ಬ್ರೇಕ್

1981ರಲ್ಲಿ ಕೆನಡಾದ ಡೇವಿಡ್ ಮತ್ತು ಅಗ್ವಾಯೋ, ಇಲಿಯ ಕಾಲಿನ ನರದ ತುಂಡನ್ನು ಬೆನ್ನುಹುರಿಗೆ ಸೇತುವೆಯಂತೆ ಕಸಿ ಮಾಡಿದರು. ಬೆಳೆಯಲ್ಲ ಅಂದುಕೊಂಡಿದ್ದ ಆಕ್ಸಾನ್‌ಗಳು ಆ ಸೇತುವೆಯೊಳಗೆ ಉದ್ದಕ್ಕೆ ಬೆಳೆದವು. ಅಂದ್ರೆ ನ್ಯೂರಾನ್‌ಗೆ ಬೆಳೆಯುವ ಶಕ್ತಿ ಇದೆ, ತಡೆ ಇರೋದು ಸುತ್ತಲಿನ ಪರಿಸರದಲ್ಲಿ. ಆ ತಡೆಗಳಲ್ಲಿ ಒಂದು ಮಯಲಿನ್‌ನಲ್ಲೇ ಇದೆ ಅಂತ ಸ್ವಿಟ್ಜರ್ಲೆಂಡಿನ ಮಾರ್ಟಿನ್ ಶ್ವಾಬ್ ತಂಡ ತೋರಿಸಿತು. 2000ದಲ್ಲಿ ಅದರ ಜೀನ್ ಗುರುತಾಯಿತು, ಹೆಸರು ನೋಗೋ. ಎಂಎಜಿ, ಓಎಂಜಿಪಿ ಕೂಡ ಇದೇ ಗುಂಪಿನವು.

ಕೈಕಾಲಿನ ನರಗಳಲ್ಲೂ ಎಂಎಜಿ ಇದೆ. ಆದರೆ ಅಲ್ಲಿ ಗಾಯವಾದ ಮೇಲೆ ಹಾಳಾದ ಮಯಲಿನ್ ಬೇಗ ಕ್ಲೀನ್ ಆಗುತ್ತೆ. ಬೆನ್ನುಹುರಿಯಲ್ಲಿ ಆ ಕಸ ಬಹಳ ಕಾಲ ಉಳಿಯುತ್ತೆ, ಜೊತೆಗೆ ಗಾಯದ ಕಲೆಯೂ ಅಡ್ಡ ಬರುತ್ತೆ.

ಇಂಥ ಬ್ರೇಕ್ ಯಾಕೆ ಬೇಕಿತ್ತು? ಕಲಿತ ಸರ್ಕ್ಯೂಟ್ ಕಾಪಾಡೋಕೆ ಅನ್ನೋದು ಒಂದು ವಿವರಣೆ. ನೋಗೋ ರಿಸೆಪ್ಟರ್ ಇಲ್ಲದ ಇಲಿಗಳಲ್ಲಿ, ದೃಷ್ಟಿಗೆ ಸಂಬಂಧಿಸಿದ ಮಿದುಳಿನ ಭಾಗ ದೊಡ್ಡವಾದ ಮೇಲೂ ಮರಿಗಳಲ್ಲಿದ್ದಂತೆ ಬದಲಾಗುತ್ತಲೇ ಇತ್ತು.

ಬ್ರೇಕ್ ತೆಗೆಯಬಹುದಾ?

ನೋಗೋವನ್ನು ತಡೆಯುವ ಆ್ಯಂಟಿಬಾಡಿಯನ್ನು ಯುರೋಪಿನಲ್ಲಿ ಕತ್ತಿನ ಭಾಗದ ಬೆನ್ನುಹುರಿಗೆ ಪೆಟ್ಟಾದವರ ಮೇಲೆ ಪರೀಕ್ಷಿಸಿದ್ದಾರೆ. ಒಟ್ಟಾರೆ ಗುಂಪಿನಲ್ಲಿ ಸ್ಪಷ್ಟ ಲಾಭ ಕಾಣಲಿಲ್ಲ. ಬೆನ್ನುಹುರಿ ಪೂರ್ತಿ ಹಾಳಾಗದೆ ಸ್ವಲ್ಪ ಉಳಿದಿದ್ದವರಲ್ಲಿ ಮಾತ್ರ ಸುಧಾರಣೆಯ ಸುಳಿವು ಸಿಕ್ಕಿದೆ.

ಆದ್ದರಿಂದ ಉಳಿದಿರುವ ತಂತುಗಳನ್ನು ಕಾಪಾಡೋದೇ ಸದ್ಯಕ್ಕೆ ದೊಡ್ಡ ಚಿಕಿತ್ಸೆ. ಮರದಿಂದ ಬಿದ್ದವರನ್ನು ಕೈಕಾಲು ಹಿಡಿದು ಎತ್ತಿ ಜೀಪಿಗೆ ಹಾಕಬೇಡಿ, ಎಬ್ಬಿಸಿ ಕೂರಿಸಬೇಡಿ. ತಲೆ, ಕತ್ತು ಅಲುಗಾಡದಂತೆ ಹಿಡಿದುಕೊಂಡು 108ಕ್ಕೆ ಫೋನ್ ಮಾಡಿ. ಸಾಗಿಸಲೇಬೇಕಾದ್ರೆ ನಾಲ್ಕೈದು ಜನ ಸೇರಿ, ಮೈ ತಿರುಚದಂತೆ ಗಟ್ಟಿ ಹಲಗೆ ಮೇಲೆ ಮಲಗಿಸಿ ಕಟ್ಟಿ. ರಜೆಗೆ ಊರಿಗೆ ಹೋದಾಗ ಇದನ್ನ ತೋಟದಲ್ಲಿ ನಾಲ್ಕು ಜನಕ್ಕೆ ಹೇಳಿ.