ತಿಳಿನೀರೆಲ್ಲ ಒಳ್ಳೆಯ ನೀರೇ?

ಯುವಜನರ ಅಧ್ಯಯನ ಕೂಟಕ್ಕೆ
ವಾಚನ: 2 ಅರಸುಗಳು 2:19-22



ಜೆರಿಕೊ ಪಟ್ಟಣದವರು ಪ್ರವಾದಿ ಎಲೀಷನ ಬಳಿಗೆ ಬಂದು, ತಮ್ಮ ಊರು ಚೆನ್ನಾಗಿದ್ದರೂ ನೀರು ಕೆಟ್ಟಿದೆ ಎಂದು ಹೇಳಿಕೊಂಡರು. ಪ್ರವಾದಿ ನೀರಿನ ಬುಗ್ಗೆಯ ಬಳಿಗೇ ಹೋದನು. ನಮಗೂ ಮೊದಲ ಪಾಠ ಇದೇ: ನೀರಿನ ಗುಣವನ್ನು ಮೂಲದಲ್ಲೇ ನೋಡಬೇಕು.

ನಮ್ಮ ಕಾಸರಗೋಡಿನ ಮುರಕಲ್ಲಿನ ನೆಲದಲ್ಲಿ ಕಬ್ಬಿಣವಿದೆ. ಅದು ನೀರಿನಲ್ಲಿ ಹೆಚ್ಚಾದರೆ ಬಿಳಿ ಬಟ್ಟೆಗೆ ಕಲೆ ಹಿಡಿಯುತ್ತದೆ, ನಮಗೆ ಗೊತ್ತಾಗುತ್ತದೆ. ಸೀಸ, ಕ್ಯಾಡ್ಮಿಯಂ ಹಾಗಲ್ಲ. ಬಣ್ಣ, ವಾಸನೆ, ರುಚಿ ಯಾವುದರಿಂದಲೂ ತಿಳಿಯುವುದಿಲ್ಲ. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಲೋಹ ಹೋಗುವುದಿಲ್ಲ. ಸೀಸವು ಚಿಕ್ಕ ಮಕ್ಕಳ ಮೆದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ.

ಕುಡಿಯುವ ನೀರಿನ ಭಾರತೀಯ ಮಾನಕದಂತೆ ಒಂದು ಲೀಟರಿನಲ್ಲಿ ಸೀಸ 0.01 ಮಿಲಿಗ್ರಾಂ ಮೀರಬಾರದು, ಕ್ಯಾಡ್ಮಿಯಂ 0.003 ಮಿಲಿಗ್ರಾಂ ಮೀರಬಾರದು. ಅಂದರೆ 1000 ಲೀಟರಿನ ಟ್ಯಾಂಕಿನಲ್ಲಿ ಒಟ್ಟು 10 ಮಿಲಿಗ್ರಾಂ ಸೀಸ, ಸುಮಾರು ಅರ್ಧ ಅಕ್ಕಿಕಾಳಿನ ತೂಕ!

ಇಷ್ಟು ಅಲ್ಪವನ್ನು ಅಳೆಯುವುದು ಹೇಗೆ? ದೊಡ್ಡ ಪ್ರಯೋಗಾಲಯಗಳಲ್ಲಿ ಸ್ವಯಂಚಾಲಿತ ಯಂತ್ರಗಳಿವೆ. ಸಾಲಾಗಿ ಇಟ್ಟ ನಳಿಕೆಗಳಿಂದ ಯಂತ್ರವೇ ಒಂದೊಂದಾಗಿ ನೀರನ್ನು ಹೀರುತ್ತದೆ. ಆ ನೀರು ಮಂಜಿನಂತೆ ಸಿಂಪಡಣೆಯಾಗಿ, ಸಾವಿರಾರು ಡಿಗ್ರಿ ಬಿಸಿಯ ಆರ್ಗಾನ್ ಜ್ವಾಲೆಯನ್ನು ಸೇರುತ್ತದೆ. ಅಲ್ಲಿ ಲೋಹದ ಪರಮಾಣುಗಳು ವಿದ್ಯುದಾವೇಶ ಪಡೆಯುತ್ತವೆ. ಯಂತ್ರ ಅವನ್ನು ತೂಕದ ಪ್ರಕಾರ ಬೇರ್ಪಡಿಸಿ ಎಣಿಸುತ್ತದೆ. ಕೆಲವೇ ನಿಮಿಷಗಳಲ್ಲಿ ಹಲವು ಲೋಹಗಳ ಲೆಕ್ಕ ಸಿಗುತ್ತದೆ.

ಆದರೆ ಯಂತ್ರವನ್ನೂ ಪರೀಕ್ಷಿಸಬೇಕು. ಮೊದಲು ಶುದ್ಧ ನೀರು, ನಂತರ ಪ್ರಮಾಣ ಗೊತ್ತಿರುವ ದ್ರಾವಣಗಳು, ಆಮೇಲೆ ನಮ್ಮ ನೀರು. ನಡುನಡುವೆ ಮತ್ತೆ ಗೊತ್ತಿರುವ ದ್ರಾವಣ. ತಕ್ಕಡಿ ಸರಿಯಿದ್ದರೆ ಮಾತ್ರ ತೂಕ ನಂಬಬಹುದು.

ಮಾದರಿ ತೆಗೆಯುವುದು ನಮ್ಮ ಕೈಯಲ್ಲಿದೆ. ತುಕ್ಕು ಹಿಡಿದ ಕೊಡಪಾನ ಬೇಡ. ಪ್ರಯೋಗಾಲಯ ಕೊಟ್ಟ ಬಾಟಲಿಯನ್ನೇ ಬಳಸಿ. ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರನ್ನು ಬೆಳಿಗ್ಗೆ ಮೊದಲು ಒಂದು ಬಾಟಲಿಗೆ ಹಿಡಿಯಿರಿ, ಬಾವಿಯ ನೀರನ್ನು ಇನ್ನೊಂದಕ್ಕೆ ತುಂಬಿಸಿ. ಸೀಸ ಮೊದಲನೆಯದರಲ್ಲಿ ಮಾತ್ರ ಕಂಡರೆ ದೋಷ ಬಾವಿಯದ್ದಲ್ಲ, ಪೈಪ್ ಅಥವಾ ನಲ್ಲಿಯದ್ದು. ಎಲ್ಲ ಪ್ರಯೋಗಾಲಯಗಳೂ ಸೀಸವನ್ನು ಅಳೆಯುವುದಿಲ್ಲ, ಮೊದಲೇ ವಿಚಾರಿಸಿ. ವರದಿ ಇಂಗ್ಲಿಷಿನಲ್ಲಿದ್ದರೆ ಮನೆಯ ಹಿರಿಯರಿಗೆ ಕನ್ನಡದಲ್ಲಿ ಓದಿ ಹೇಳುವುದು ಯುವಜನರ ಸೇವೆ.

ವಿಶ್ವಗುರು ಫ್ರಾನ್ಸಿಸರು 2015ರ ‘ಲೌದಾತೊ ಸಿ’ ಪತ್ರದ 30ನೇ ಪರಿಚ್ಛೇದದಲ್ಲಿ ಶುದ್ಧ ಕುಡಿಯುವ ನೀರು ಪ್ರತಿಯೊಬ್ಬರ ಮೂಲಭೂತ ಹಕ್ಕೆಂದು ಬೋಧಿಸಿದ್ದಾರೆ. ನೆರೆಮನೆಯ ಮಗು ಕುಡಿಯುವ ನೀರಿನ ಬಗ್ಗೆಯೂ ನಮಗೆ ಕಾಳಜಿ ಇರಲಿ.

ಚರ್ಚೆಗೆ:
1. ನಮ್ಮ ವಾರ್ಡಿನಲ್ಲಿ ಯಾವ ಬಾವಿಗಳ ನೀರನ್ನು ಇದುವರೆಗೆ ಪರೀಕ್ಷಿಸಿಲ್ಲ?
2. ಪರೀಕ್ಷೆಯ ಖರ್ಚು ಭರಿಸಲಾಗದ ಮನೆಗಳಿಗೆ ನಾವು ಹೇಗೆ ನೆರವಾಗಬಹುದು?