ಒಣಗಿದರೂ ಪರಿಮಳ ಬಿಡದ ಒಡವೆಗಳು



ಮುಡಿದ ಮಲ್ಲಿಗೆಯು ಮರುದಿನಕ್ಕೆ ಬಾಡುತ್ತದೆ. 800 ಹೂಗಳನ್ನು ಕಟ್ಟಿದ ಶಂಕರಪುರದ ಚೆಂಡಿಗೂ ಇದೇ ಗತಿ. ಆದರೆ ಒಣಗಿದ ಮೇಲೆಯೂ ಪರಿಮಳವನ್ನು ಬಿಡದ ಎರಡು ವಸ್ತುಗಳು ನಮ್ಮ ಸೀಮೆಯಲ್ಲಿ ಉಂಟು. ಅವುಗಳಿಂದ ಒಡವೆ ಮಾಡುವದಕ್ಕೆ ಹಣವು ಬೇಡ, ತಾಳ್ಮೆ ಇದ್ದರೆ ಸಾಕು.

ಮೊದಲನೆಯದು ರೆಂಜೆ ಹೂವಿನ ಸರ. ಪುಸ್ತಕಗಳಲ್ಲಿ ಇದನ್ನು ಬಕುಳವೆನ್ನುತ್ತಾರೆ. ಇದಕ್ಕಾಗಿ ಕೊಂಬೆಯನ್ನು ಮುರಿಯತಕ್ಕದ್ದಲ್ಲ. ಬೆಳಿಗ್ಗೆ ಮರದಡಿಯಲ್ಲಿ ಉದುರಿದವುಗಳನ್ನು ಆರಿಸಿ, ಮರಳನ್ನು ಕೊಡವಿರಿ. ಹೂವಿನ ನಡುವೆ ತಾನಾಗಿಯೇ ತೂತು ಇರುವದರಿಂದ ಸಪೂರವಾದ ಬಾಳೆನಾರಿನಲ್ಲಿ ಪೋಣಿಸುವದು ಸುಲಭ. ಸರವನ್ನು ಬಿಸಿಲಿಗೆ ಹಾಕದೆ ನೆರಳಿನಲ್ಲಿ ಒಣಗಿಸಿ, ಬಟ್ಟೆಯ ಪೆಟ್ಟಿಗೆಯಲ್ಲಿ ಇಡಿರಿ.

ಎರಡನೆಯದು ಲಾವಂಚದ ಬೇರು. ಮಣ್ಣು ಹೋಗುವಂತೆ ತೊಳೆದು, ನೆರಳಿನಲ್ಲಿ ಒಣಗಿಸಿ, ಗೇಣುದ್ದದ ಕಂತೆಯನ್ನು ಎರಡಾಗಿ ಮಡಚಿ, ಬಣ್ಣದ ನೂಲಿನಿಂದ ಬಿಗಿದು ಕಿಟಿಕಿಗೆ ತೂಗಹಾಕಿರಿ. ಸೆಕೆಗಾಲದಲ್ಲಿ ನೀರು ಚಿಮುಕಿಸಿದರೆ ಪರಿಮಳವು ಪುನಃ ಏಳುತ್ತದೆ.

ಇಲ್ಲಿ ನಮ್ಮ ತಪ್ಪೊಂದನ್ನು ಹೇಳಲೇಬೇಕು. ಒಂದು ಬೇಸಿಗೆಯಲ್ಲಿ ನಾವು ಕೈಕೆಲಸದ ಪ್ರದರ್ಶನಕ್ಕೋಸ್ಕರ ಅಂಗಳದ ಬರೆಯಲ್ಲಿದ್ದ ಲಾವಂಚವನ್ನೆಲ್ಲಾ ಅಗೆಸಿದೆವು. ಕಂತೆಗಳನ್ನು ಎಲ್ಲರೂ ಮೆಚ್ಚಿದರು. ಆದರೆ ಆಟಿಯ ಮಳೆಗೆ ಬರೆಯು ಜರಿದು ಬಾವಿಯ ದಾರಿಯು ಮುಚ್ಚಿತು. ಯಾಕಂದರೆ ಈ ಹುಲ್ಲಿನ ಬೇರು ಅಡ್ಡಕ್ಕೆ ಹರಡದೆ ನೆಟ್ಟಗೆ ಆಳಕ್ಕೆ ಇಳಿದು ಮಣ್ಣನ್ನು ಹಿಡಿದಿರುತ್ತದೆ. ಆದಕಾರಣ ಬರೆಯ ಲಾವಂಚವನ್ನು ಮುಟ್ಟದೆ, ಒಡವೆಗೆ ಬೇಕಾದದ್ದನ್ನು ಬೇರೆಯಾಗಿ ಬೆಳೆಸತಕ್ಕದ್ದು.

ಅದರ ಕ್ರಮ ಹೀಗೆ: ಎತ್ತರವಾದ ಹಳೆಯ ಡಬ್ಬವೊಂದರ ತಳಕ್ಕೆ ನಾಲ್ಕು ತೂತು ಮಾಡಿ, ಅವುಗಳ ಮೇಲೆ ಹಂಚಿನ ಚೂರುಗಳನ್ನಿಡಿರಿ. 1865ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ ಈ ಸೀಮೆಯಲ್ಲಿ ಒಡೆದ ಹಂಚಿಗೇನೂ ಬರವಿಲ್ಲವಷ್ಟೆ! ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಹೊಯಿಗೆ, ಒಂದು ಪಾಲು ಹಳೆಯ ಹಟ್ಟಿಗೊಬ್ಬರ ಬೆರಸಿ ತುಂಬಿರಿ. ಜೂನಿನಲ್ಲಿ ಮಳೆ ಹಿಡಿದ ಕೂಡಲೆ, ದೊಡ್ಡ ಬುಡದ ಅಂಚಿನಿಂದ ಒಂದು ಹಿಳ್ಳನ್ನು ಬೇರುಸಹಿತ ಬಿಡಿಸಿ, ಎಲೆಯನ್ನು ಗೇಣುದ್ದಕ್ಕೂ ಬೇರನ್ನು ನಾಲ್ಕು ಬೆರಳಿಗೂ ಕತ್ತರಿಸಿ ನೆಡಿರಿ. ಡಬ್ಬವು ಬಿಸಿಲಿನಲ್ಲಿರಲಿ, ನೀರು ಕಟ್ಟಿ ನಿಲ್ಲದಿರಲಿ. ಸುಮಾರು 18 ತಿಂಗಳಾದ ಮೇಲೆ ಡಬ್ಬವನ್ನು ಬೋರಲು ಹಾಕಿದರೆ ಬೇರು ತುಂಡಾಗದೆ ಹೊರಬರುತ್ತದೆ. ಬೇರನ್ನು ಕತ್ತರಿಸಿಕೊಂಡು, ಬುಡದ ಹಿಳ್ಳುಗಳನ್ನು ಅಂದೇ ತಿರಿಗಿ ನೆಟ್ಟು ನೀರೆರೆಯಬೇಕು. ಒಂದನ್ನು ಡಬ್ಬಕ್ಕೂ, ಉಳಿದವುಗಳನ್ನು ಬರೆಗೂ ಕೊಡಿರಿ.

ಜರಿದ ನಮ್ಮ ಬರೆಗೆ ಮರುವರ್ಷ ಹುಡುಗಿಯರೇ ಹಿಳ್ಳುಗಳನ್ನು ಸಾಲಾಗಿ ನೆಟ್ಟರು. ಅವು ಈಗ ಸೊಂಟದೆತ್ತರಕ್ಕೆ ಬೆಳೆದಿವೆ, ಬಾವಿಯ ದಾರಿಯು ನಿರ್ಭಯವಾಗಿದೆ. ಬರುವ ಜೂನಿನಲ್ಲಿ ಶಾಲೆಗೆ ಬರುವ ಹಳೆಯ ವಿದ್ಯಾರ್ಥಿನಿಯರೂ ಒಂದೊಂದು ಹಿಳ್ಳನ್ನು ಕೇಳಿ ಪಡೆಯಬಹುದು. ಡಬ್ಬವನ್ನು ಮಾತ್ರ ಮನೆಯಿಂದ ತರತಕ್ಕದ್ದು.